ಬಾರ್ ಮಿತ್ಸ್ವಾ ನೆರವೇರಿತು: ಕೈಜೋಡಿಸಿದವರಿಗೆಲ್ಲ ನಮಸ್ಕಾರ

ನಮ್ಮ ಮನೆಯ ಹುಡುಗನ ಬಾರ್ ಮಿತ್ಸ್ವಾ ಕಳೆದ ಗುರುವಾರ ಮುಂಬೈಯಲ್ಲಿ ಸಾಂಗವಾಗಿ ನೆರವೇರಿತು. ಉಪನಯನದ ಹಾಗೇನಾ ಎಂದು ಕನ್ನಡದ ಗೆಳೆಯರು ಅನೇಕರು ಕೇಳಿದರು. ಅರ್ಧ ಹೌದು. ಆದರೆ ಇಲ್ಲಿ ವಿಧಿ ನಡೆಯದಿದ್ದರೂ ಹದಿಮೂರು ತುಂಬಿದ ಯಹೂದಿ ಹುಡುಗ ಧರ್ಮದ ಕಟ್ಟಳೆಗೆ ತಾನೇ ಹೊಣೆಯಾಗುತ್ತಾನೆ. ಸಮಾರಂಭವೆಂದರೆ ಆ ಹೊಣೆಯನ್ನು ಹತ್ತು ಜನರ ಮುಂದೆ ಹೊತ್ತು ತೋರಿಸುವುದು. ಅದಕ್ಕೆ ಯಾರು ಏನು ಮಾಡಿಕೊಟ್ಟರೆಂದು ಬಿಡಿಸಿ ಹೇಳದೆ ಬರೀ 'ಧನ್ಯವಾದ' ಅಂದರೆ ನಮಗೆ ಸಮಾಧಾನವಿಲ್ಲ.

ಮೊದಲ ನಮಸ್ಕಾರ ದಿನ ಗೊತ್ತುಮಾಡಿಕೊಟ್ಟ ಹಿರಿಯರಿಗೆ. ಲೆಕ್ಕ ಹೀಬ್ರೂ ಪಂಚಾಂಗದ್ದು. ಕತ್ತಲಾದ ಮೇಲೆ ಹುಟ್ಟಿದ ಮಗುವಿಗೆ ಮರುದಿನದ ತಾರೀಖು. 19 ವರ್ಷದಲ್ಲಿ 7 ಸಲ ಅಧಿಕ ಮಾಸ ಬಂದು ಅದಾರ್ ತಿಂಗಳು ಎರಡಾಗುತ್ತದೆ. ಸಾಧಾರಣ ವರ್ಷದ ಅದಾರ್‌ನಲ್ಲಿ ಹುಟ್ಟಿದವನಿಗೆ ಆಗ ಎರಡನೆಯ ಅದಾರ್ ಲೆಕ್ಕ. ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಹಾಲ್ ಬುಕ್ ಮಾಡಿದವರು ಎಡವುವುದು ಇಲ್ಲೇ. ಶನಿವಾರದ ಬದಲು ಗುರುವಾರ ಇಟ್ಟುಕೊಳ್ಳಿ ಎಂದದ್ದೂ ಅವರೇ. ಶನಿವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಟೆಫಿಲಿನ್ (ಪ್ರಾರ್ಥನೆಯಲ್ಲಿ ತೋಳಿಗೊಂದು, ತಲೆಗೊಂದು ಕಟ್ಟುವ, ಒಳಗೆ ಶಾಸ್ತ್ರವಚನದ ಚರ್ಮಪತ್ರವಿರುವ ಪುಟ್ಟ ಪೆಟ್ಟಿಗೆ) ಕಟ್ಟುವಂತಿಲ್ಲ, ವಾಹನ, ಮೈಕು, ಕ್ಯಾಮೆರಾ ಯಾವುದೂ ಸಲ್ಲದು. ಸುರುಳಿಯಲ್ಲಿ ಬರೆದ ಧರ್ಮಗ್ರಂಥ ಟೋರಾವನ್ನು ಸೋಮವಾರ, ಗುರುವಾರಗಳಲ್ಲೂ ಓದುತ್ತಾರೆ. ಆಗ ಓದಿಗೆ ಮೂರೇ ಜನರನ್ನು ಕರೆಯುವುದು, ಕನಿಷ್ಠ ಹತ್ತು ವಚನ. ಅಷ್ಟನ್ನು ಹುಡುಗನೊಬ್ಬನೇ ಚೆನ್ನಾಗಿ ಓದಬಲ್ಲ.

ಓದು ಕಲಿಸಿದ ಗುರುಗಳ ಋಣ ದೊಡ್ಡದು. ಸುರುಳಿಯಲ್ಲಿ ಸ್ವರಚಿಹ್ನೆಯೂ ಇಲ್ಲ, ರಾಗದ ಗುರುತೂ ಇಲ್ಲ, ಬರೀ ವ್ಯಂಜನ. ಕಾಗುಣಿತವಿಲ್ಲದ ಕನ್ನಡ ಓದಿದಂತೆ. ಚಿಹ್ನೆ ಇರುವ, ಇಲ್ಲದ ಎರಡೂ ರೂಪ ಪಕ್ಕಪಕ್ಕದಲ್ಲಿ ಅಚ್ಚಾದ ಪುಸ್ತಕ ಇಟ್ಟುಕೊಂಡು ವಾರಕ್ಕೆ ಎರಡೇ ವಚನದಂತೆ ಹೇಳಿಕೊಟ್ಟರು. ಅಂತರ್ಜಾಲದಲ್ಲಿ ಸಿಗುವ ಧ್ವನಿಮುದ್ರಣಗಳು ಬಹುಪಾಲು ಅಶ್ಕೆನಾಜಿ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿಗಳ ರಾಗದವು, ಕೊಂಕಣ ಕರಾವಳಿಯ ಯಹೂದಿಗಳಾದ ಬೆನೆ ಇಸ್ರೇಲಿಗಳದು ಸ್ಪೇನ್ ಮೂಲದ ಸೆಫಾರ್ಡಿ ಪದ್ಧತಿ. ಒಮ್ಮೆ ಬಾಯಿಗೆ ಕೂತ ರಾಗ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಈ ವಯಸ್ಸಿಗೆ ದನಿ ಒಡೆಯುತ್ತದೆಂದು ಮೊದಲಿನಿಂದಲೇ ಶ್ರುತಿ ಇಳಿಸಿ ಹಾಡಿಸಿದರು. ಈ ಪದ್ಧತಿಯಲ್ಲಿ ಟೋರಾ ಸುರುಳಿ ಪೆಟ್ಟಿಗೆಯಲ್ಲೇ ನೆಟ್ಟಗೆ ನಿಂತಿರುತ್ತದೆ, ಮೇಜಿನ ಮೇಲೆ ಪುಸ್ತಕ ಮಲಗಿಸಿ ಓದಿದ ಕಣ್ಣಿಗೆ ಸಾಲು ತಪ್ಪುತ್ತದೆ. ಅದಕ್ಕೇ ಕೊನೆಯ ಮೂರು ವಾರ ಹಾಳೆಯನ್ನು ಗೋಡೆಗೆ ಅಂಟಿಸಿ, ನಿಂತೇ ಓದಿಸಿದರು. ಉಚ್ಚಾರ ತಪ್ಪಿದರೆ ಪಕ್ಕದಲ್ಲಿ ನಿಂತವರು ಜೋರಾಗಿ ತಿದ್ದುತ್ತಾರೆ, ಅದು ಬೈಗುಳವಲ್ಲ ಎಂದು ಮೊದಲೇ ಹೇಳಿಟ್ಟಿದ್ದೂ ಅವರ ದೊಡ್ಡತನ.

ಟೆಫಿಲಿನ್ ಪರೀಕ್ಷಿಸಿಕೊಟ್ಟ ಲಿಪಿಕಾರರಿಗೂ ವಂದನೆ. ಚರ್ಮಪತ್ರಕ್ಕೆ ಕರಾವಳಿಯ ತೇವ ಆಗದು. ಒಂದಕ್ಷರ ಸೀಳಿದರೂ ಆ ಪೆಟ್ಟಿಗೆ ಅಮಾನ್ಯ. ಬಲಗೈಯವನು ಎಡತೋಳಿಗೆ ಕಟ್ಟಬೇಕು, ಮುಂಗೈಗೆ ಏಳು ಸುತ್ತು. ತಲೆಯದು ಹಣೆಯ ಮೇಲಲ್ಲ, ಕೂದಲು ಹುಟ್ಟುವ ಗೆರೆಯಿಂದ ಮೇಲಕ್ಕೆ. ಸೆಫಾರ್ಡಿ ಕ್ರಮದಲ್ಲಿ ತೋಳಿಗೂ ತಲೆಗೂ ಸೇರಿ ಒಂದೇ ಆಶೀರ್ವಚನ, ನಡುವೆ ಮಾತಾಡಿದರೆ ಇನ್ನೊಂದು ಹೇಳಬೇಕಾಗುತ್ತದೆ. ಇದನ್ನು ತಿಳಿದು ಆ ಎರಡು ನಿಮಿಷ 'ಈಕಡೆ ನೋಡಪ್ಪಾ' ಎನ್ನದೆ ಸುಮ್ಮನಿದ್ದ ಫೋಟೋದವರಿಗೆ ವಿಶೇಷ ಧನ್ಯವಾದ.

ಇನ್ನು ಆ ಹತ್ತು ಮಂದಿ. ಹತ್ತು ಗಂಡಸರು ಕೂಡದೆ ಸುರುಳಿ ತೆರೆಯುವಂತಿಲ್ಲ, ಕರ್ನಾಟಕದಲ್ಲಿ ಅಷ್ಟು ಜನರನ್ನು ಕೂಡಿಸುವುದು ಕಷ್ಟ. ಮುಂಬೈಯಲ್ಲಿ ಕೆಲಸದ ದಿನವಾದರೂ ಬೆಳಿಗ್ಗೆ ಏಳಕ್ಕೇ ಹದಿನಾಲ್ಕು ಜನ ಬಂದು ಕೂತಿದ್ದರು. ಮುಂಬೈಯ ಮೊದಲ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಶಾರ್ ಹಾರಹಮೀಮ್, ಅಂದರೆ ಕರುಣೆಯ ಬಾಗಿಲು, 1796ರಲ್ಲಿ ಎದ್ದದ್ದೇ ಒಂದು ಕೃತಜ್ಞತೆಯಿಂದ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆ ಸಿಕ್ಕಿ ಬಿಡುಗಡೆಯಾಗಿ ಬಂದ ಸ್ಯಾಮ್ಯುಯೆಲ್ ಇಝೆಕಿಯೆಲ್ ದಿವೇಕರ್ ಅದನ್ನು ಕಟ್ಟಿಸಿದರು. ಕುರಾನಿನಲ್ಲೂ ಬರುವ 'ಬನೀ ಇಸ್ರಾಯೀಲ್' ಎಂಬ ಹೆಸರು ಕೇಳಿ ಟಿಪ್ಪುವಿನ ತಾಯಿ ಅವರ ಜೀವ ಉಳಿಸಿದಳೆಂಬ ಮಾತು ಸಮುದಾಯದಲ್ಲಿದೆ. ಕನ್ನಡ ನೆಲದಿಂದ ಹೋದ ನಮಗೆ ಈ ಕತೆ ಬಹಳ ಹತ್ತಿರದ್ದು.

ಕಡೆಯದಾಗಿ ಮಲೀದಾ ಮಾಡಿದ ತಾಯಂದಿರಿಗೆ. ಮಲೀದಾ ಬೆನೆ ಇಸ್ರೇಲಿಗಳು ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಸಲ್ಲಿಸುವ ಹರಕೆ. ನಮ್ಮ ಸಿಹಿ ಅವಲಕ್ಕಿಯ ಅಕ್ಕ ಎನ್ನಬಹುದು. ಅರವತ್ತು ಜನಕ್ಕೆ ಮೂರು ಕಿಲೋ ಗಟ್ಟಿ ಅವಲಕ್ಕಿ, ಆರು ತೆಂಗಿನಕಾಯಿ, ಒಂದೂವರೆ ಕಿಲೋ ಸಕ್ಕರೆ, ಏಲಕ್ಕಿ, ಒಂದು ಜಾಯಿಕಾಯಿ, ದ್ರಾಕ್ಷಿ, ಬಾದಾಮಿ. ತೆಳು ಅವಲಕ್ಕಿ ಮುದ್ದೆಯಾಗುತ್ತದೆ. ಗಟ್ಟಿಯದನ್ನೂ ನೆನೆಹಾಕದೆ ಜರಡಿಯಲ್ಲಿ ತೊಳೆದು ಹತ್ತು ನಿಮಿಷ ಬಿಟ್ಟರು. ಸಕ್ಕರೆ ಬೇಗ ಬೆರೆಸಿದರೆ ನೀರು ಬಿಡುತ್ತದೆ, ಕಾಯಿ ರಾತ್ರಿಯೇ ತುರಿದರೆ ಸೆಕೆಗೆ ಹುಳಿಯುತ್ತದೆ. ಆದ್ದರಿಂದ ಪ್ರಾರ್ಥನೆ ನಡೆಯುತ್ತಿರುವಾಗಲೇ ಹಿಂದಿನ ಕೋಣೆಯಲ್ಲಿ ಕೂತು ಆರೂ ಕಾಯಿ ತುರಿದರು. ಸುತ್ತ ಐದು ಬಗೆಯ ಹಣ್ಣು, ಮೇಲೊಂದು ಗುಲಾಬಿ. ಖರ್ಜೂರಕ್ಕೆ ಮರದ ಫಲದ ಆಶೀರ್ವಚನ, ಬಾಳೆಹಣ್ಣಿಗೆ ಭೂಮಿಯದು. ಎರಡನ್ನೂ ಹುಡುಗನೇ ಹೇಳಿದ. ತಟ್ಟೆ ಆ ತಾಯಂದಿರ ಮುಂದೆ ಬರುವ ಹೊತ್ತಿಗೆ ಅವರ ಕೈಗಳಲ್ಲಿ ಇನ್ನೂ ಕಾಯಿತುರಿ ಅಂಟಿಕೊಂಡಿತ್ತು.