ಅಡಿಕೆ ಸುಲಿಯುವವರ ಬಾಯನ್ನೂ ಒಮ್ಮೆ ನೋಡಿ

ಸಂಪಾದಕರಿಗೆ ನಮಸ್ಕಾರ.

ಅಡಿಕೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು, ಎಲ್ಲದರ ರೇಟೂ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ. ಅದೇ ಅಡಿಕೆ ಜಗಿಯುವವರ ವಸಡು ಏನಾಗುತ್ತಿದೆ ಅನ್ನುವುದು ಮಾತ್ರ ಬರುವುದು ಅಪರೂಪ. ನಮ್ಮದೂ ತೋಟದ ಮನೆಯೇ. ಈ ಬೆಳೆಯ ಅನ್ನವನ್ನೇ ಉಣ್ಣುತ್ತಿದ್ದೇವೆ. ಹೊರಗಿನವರು ಹೇಳಿದರೆ ಅಡಿಕೆಗೆ ಕೆಟ್ಟ ಹೆಸರು ತರುವ ಹುನ್ನಾರ ಅಂತ ನಮ್ಮವರೇ ಸಿಟ್ಟಾಗುತ್ತಾರೆ, ಅದಕ್ಕೇ ಬೆಳೆಯುವ ಮನೆಯಿಂದಲೇ ಬರೆಯುತ್ತಿದ್ದೇನೆ.

ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ರಾತ್ರಿಯವರೆಗೂ ಸುಲಿಯುವ ಕೆಲಸ ಇರುತ್ತದೆ. ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರು ಬೇಗ ಏಳುವುದಿಲ್ಲ. ನಿದ್ದೆ ಬರಬಾರದು, ಹಸಿವು ಗೊತ್ತಾಗಬಾರದು ಅಂತ ಒಂದಾದ ಮೇಲೊಂದು ಎಲೆಯಡಿಕೆ ಹಾಕುತ್ತಲೇ ಇರುತ್ತಾರೆ. ಹೋದ ವರ್ಷ ಅವರಲ್ಲೊಬ್ಬರು ಊಟಕ್ಕೆ ಕೂತಾಗ, ಸಾರು ಬೇಡಮ್ಮ, ಬರೀ ಮಜ್ಜಿಗೆ ಅನ್ನ ಸಾಕು ಅಂದರು. ಯಾಕೆ ಅಂತ ಕೇಳಿದರೆ, ಖಾರ ಬಾಯಿಗಿಟ್ಟರೆ ಉರಿ ತಡೆಯಲು ಆಗುವುದಿಲ್ಲವಂತೆ. ಬಾಯಿ ತೆರೆಯಿರಿ ನೋಡೋಣ ಅಂದೆ. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಕೆಳಗಿನ ಮುಂದಿನ ಹಲ್ಲುಗಳಲ್ಲಿ ವಸಡು ಎಷ್ಟು ಸರಿದಿತ್ತು ಅಂದರೆ ಹಲ್ಲಿನ ಬೇರೇ ಕಾಣುತ್ತಿತ್ತು, ಸಂದಿಯಲ್ಲೆಲ್ಲ ಕಪ್ಪಗೆ ಗಟ್ಟಿಯಾದ ಕೊಳೆ ಕೂತಿತ್ತು. ಇಷ್ಟಾದರೂ ಅವರು ಇದೆಲ್ಲ ಉಷ್ಣ ಅಂದುಕೊಂಡು ಎಳನೀರು ಕುಡಿದು ಸುಮ್ನೆ ಇದ್ದರು.

ಎಲೆಯಡಿಕೆ ಹಾಕಿದರೆ ಹಲ್ಲು ಗಟ್ಟಿ ಅನ್ನುವ ಮಾತು ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಹಲ್ಲು ಗಟ್ಟಿಯೇ ಇರಬಹುದು, ಅದನ್ನು ಹಿಡಿದಿರುವ ವಸಡು ಮತ್ತು ಮೂಳೆ ಹೋದರೆ ಏನು ಮಾಡುವುದು? ಸುಣ್ಣ, ಅಡಿಕೆ ಪುಡಿ, ಎಂಜಲು ಸೇರಿ ಹಲ್ಲಿನ ಬುಡದಲ್ಲಿ ಗಾರೆ ಕಟ್ಟುತ್ತದೆ. ಅದರ ಕೆಳಗೆ ವಸಡು ಊದಿಕೊಳ್ಳುತ್ತದೆ, ಉಜ್ಜಿದಾಗ ರಕ್ತ ಬರುತ್ತದೆ, ನಿಧಾನವಾಗಿ ಹಲ್ಲು ಬಿಟ್ಟು ಕೆಳಗೆ ಸರಿಯುತ್ತದೆ. ಒಂದೂ ಹುಳುಕಿಲ್ಲದ ಹಲ್ಲು ಅಲುಗಾಡಿ ಬೀಳುವುದು ಹೀಗೆ. ನೋವು ಜಾಸ್ತಿ ಇಲ್ಲದ ಕಾರಣ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ನೋವು ಬಂದರೆ ಹೊಗೆಸೊಪ್ಪಿನ ಚೂರನ್ನು ಅಲ್ಲಿಗೇ ಒತ್ತಿಕೊಳ್ಳುತ್ತಾರೆ, ಆಮೇಲೆ ಅದೂ ಚಟವಾಗುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವ ಹೆದರಿಕೆ ಬೇರೆ. ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಕಟ್ಟಿಕೊಂಡಿದ್ದ ಗಾರೆ ತೆಗೆದಾಗ ಅದು ಗೊತ್ತಾಗುತ್ತದೆ ಅಷ್ಟೇ.

ಆ ಹೆಂಗಸಿನ ಬಾಯಿ ತೆರೆಯದೇ ಇದ್ದದ್ದು ಇದಕ್ಕಿಂತ ದೊಡ್ಡ ತೊಂದರೆ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ರಾಸಾಯನಿಕ ಕೆನ್ನೆಯ ಒಳಚರ್ಮದ ಕೆಳಗೆ ನಾರು ಬೆಳೆಸುತ್ತದೆ, ಅಡಿಕೆಯ ಚೊಗರು ಆ ನಾರು ಕರಗದ ಹಾಗೆ ಗಟ್ಟಿ ಮಾಡುತ್ತದೆ. ಸುಲಿದವರ ಕೈಗೆ ಹಿಡಿದ ಕಪ್ಪು ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಅಲ್ವಾ, ಅದೇ ಚೊಗರು. ಮೊದಲು ಉರಿ, ಆಮೇಲೆ ಕೆನ್ನೆ ಒಳಗೆ ಬಿಳಿಚಿಕೊಂಡು ಬಿಗಿಯುವುದು, ಕೊನೆಗೆ ತುತ್ತು ಇಡಲೂ ಬಾಯಿ ತೆರೆಯುವುದಿಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ ಇದಕ್ಕೆ. ಬಿಗಿದ ಬಾಯಿ ಪೂರ್ತಿ ಮೊದಲಿನಂತೆ ಆಗುವುದು ಕಷ್ಟ, ಇವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ತಡ ಮಾಡದೆ ದಂತ ವೈದ್ಯರಿಗೆ ತೋರಿಸಿ.

ನಾನು ಹೊಗೆಸೊಪ್ಪು ಹಾಕಲ್ಲ, ಬರೀ ಎಲೆ ಅಡಿಕೆ ಸುಣ್ಣ, ನಂಗೇನೂ ಆಗಲ್ಲ ಅನ್ನುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. 2022ರಲ್ಲಿ ಜಗತ್ತಿನಲ್ಲಿ ಜಗಿಯುವ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರ್ ಸುಮಾರು 1,20,000 ಅಂತ ಅದೇ ಸಂಸ್ಥೆಯ ಲೆಕ್ಕ, ಅದರಲ್ಲಿ 83,000ಕ್ಕೂ ಜಾಸ್ತಿ ನಮ್ಮ ದೇಶದ್ದೇ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಈಗ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಜೊತೆಗೇ ಕೊಡುತ್ತಾರೆ. ಪೊಟ್ಟಣದ ಒಣ ಅಡಿಕೆಯಿಂದ ಬಾಯಿ ಬಿಗಿಯುವುದು ಎಲೆಯಡಿಕೆಗಿಂತ ಬೇಗ. ಸಿಹಿ ಸುಪಾರಿಯನ್ನು ಶಾಲೆ ಮಕ್ಕಳೂ ಚಾಕೊಲೇಟ್ ಥರ ತಿನ್ನುತ್ತಿದ್ದಾರೆ, ಇದನ್ನು ನೋಡಿ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ಬಿಡಿ ಅಂತ ಹೇಳುವುದು ಸುಲಭ. ಅಡಿಕೆಗೂ ಚಟ ಹಿಡಿಸುವ ಗುಣ ಇದೆ, ಬಿಟ್ಟಾಗ ಮೊದಮೊದಲು ತಲೆನೋವು, ಮಂಪರು, ಕೆಲಸಕ್ಕೆ ಕೈ ಬರುವುದಿಲ್ಲ. ತಂಬಾಕನ್ನೂ ಹಾಕುವವರು ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ನಮ್ಮ ಮನೆಗೆ ಬರುವ ಆ ಹೆಂಗಸು ಈಗ ಬಿಟ್ಟಿದ್ದಾರೆ. ಹಲ್ಲು ಕ್ಲೀನ್ ಮಾಡಿಸಿಕೊಂಡರು, ಬಾಯಿಗೆ ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಾರೆ. ಉರಿ ಕಡಿಮೆಯಾಗಿದೆ, ಬಿಗಿತ ಹಾಗೇ ಇದೆ.

ಸರ್ಕಾರದ ದಂತ ಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಸಿಗುತ್ತದೆ. ಒಳ್ಳೆಯ ಕೆಲಸ, ಆದರೆ ಅದು ಸಿಗುವುದು ಹಲ್ಲು ಹೋದ ಮೇಲೆ. ಹಲ್ಲು ಇರುವಾಗಲೇ ಬಾಯಿ ನೋಡುವ ವ್ಯವಸ್ಥೆ ಬೇಕು. ಸುಲಿಯುವವರು ಹಗಲು ಆಸ್ಪತ್ರೆಗೆ ಬರುವುದಿಲ್ಲ, ಬಂದರೆ ಅವತ್ತಿನ ಕೂಲಿ ಹೋಯಿತು. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರು, ದಂತ ಕಾಲೇಜಿನ ವಿದ್ಯಾರ್ಥಿಗಳು ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಹೊತ್ತು ಸುಲಿಯುವ ಮನೆಗಳಿಗೇ ಬರಲಿ. ಒಂದು ಟಾರ್ಚ್ ಇದ್ದರೆ ಅಲ್ಲೇ ನೋಡಬಹುದು. ಓಡಾಟದ ಖರ್ಚನ್ನು ಬೆಳೆಗಾರರ ಸಹಕಾರ ಸಂಘಗಳು ಕೊಡಬೇಕು, ಅಡಿಕೆಯಿಂದ ಲಾಭ ಮಾಡಿದವರು ನಾವೇ ತಾನೇ.

– ಅಡಿಕೆ ಬೆಳೆಗಾರರ ಮನೆಯ ಓದುಗಿ, ತೀರ್ಥಹಳ್ಳಿ ತಾಲ್ಲೂಕು