ಗೋಡೆಗೆ ಬಡಿಯುವ ಕತ್ತಿ ದೋಷವಲ್ಲ

ಮಾನ್ಯ ಸಂಪಾದಕರೇ,

ಹಳೆಯ ಕನ್ಸೋಲ್ ಗೇಮ್‌ಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಕನ್ಸೋಲ್‌ನ ‘ಸೋರ್ಡ್ ಆಫ್ ದಿ ಬೆರ್ಸರ್ಕ್: ಗಟ್ಸ್ ರೇಜ್’ ಮೇಲೆ ಮೂರು ಮುಖ್ಯ ದೂರು ಹೊರಿಸಿದೆ. ಇಕ್ಕಟ್ಟಿನಲ್ಲಿ ಕತ್ತಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಆಡುವುದಕ್ಕಿಂತ ನೋಡುವುದೇ ಜಾಸ್ತಿ. ಆಟ ನಡುವೆಯೇ ನಿಂತು ಕನ್ಸೋಲ್‌ನ ಮೆನುಗೆ ಹೋಗಿಬಿಡುತ್ತದೆ. ಇವುಗಳಲ್ಲಿ ಮೊದಲನೆಯದು ದೋಷವೇ ಅಲ್ಲ, ಎರಡನೆಯದು ಅರ್ಧ ನಿಜ, ಮೂರನೆಯದಕ್ಕೆ ಈ ಆಟ ಹೊಣೆಯೇ ಅಲ್ಲ. ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ಐದಕ್ಕೆ ಎರಡು ಸ್ಟಾರ್ ಕೊಟ್ಟಿದ್ದು ಸರಿಯಲ್ಲ.

ಕೆಂಟಾರೊ ಮಿಯುರಾ 1989ರಲ್ಲಿ ಶುರು ಮಾಡಿದ ‘ಬೆರ್ಸರ್ಕ್’ ಮಂಗಾ, ಅಂದರೆ ಜಪಾನಿ ಚಿತ್ರಕಥೆ, ಈ ಆಟದ ಮೂಲ. ಯೂಕ್ಸ್ ಕಂಪನಿ ಇದನ್ನು ತಯಾರಿಸಿತು. 1999ರ ಡಿಸೆಂಬರ್ 16ರಂದು ಜಪಾನಿನಲ್ಲಿ ಆಸ್ಕಿ ಮೂಲಕ ಬಿಡುಗಡೆಯಾಯಿತು, 2000ದಲ್ಲಿ ಐಡಾಸ್ ಅದನ್ನು ಅಮೆರಿಕ, ಯುರೋಪ್‌ಗೆ ತಂದಿತು. ಸಂಗೀತ ಸುಸುಮು ಹಿರಸಾವಾ ಅವರದು; ಅದೇ ಕಥೆಯ 1997ರ 25 ಕಂತುಗಳ ಅನಿಮೆಗೂ (ಜಪಾನಿ ಅನಿಮೇಷನ್ ಸರಣಿಗೂ) ಅವರದೇ ಸಂಗೀತ. ಮುಂದೆ ಇಂಥ ಆಟಗಳಿಗೆ ಮಾದರಿಯಾದ ‘ಡೆವಿಲ್ ಮೇ ಕ್ರೈ’ ಬಂದಿದ್ದು 2001ರಲ್ಲಿ. ಮೂರು ಆಯಾಮದ ಕತ್ತಿಕಾಳಗದ ಆಟ ಹೀಗೇ ಇರಬೇಕು ಎಂಬ ಅಳತೆಗೋಲು ಈ ಆಟ ಬಂದಾಗ ಇನ್ನೂ ಸಿದ್ಧವಾಗಿರಲಿಲ್ಲ. ಆಮೇಲೆ ಬಂದ ಅಳತೆಗೋಲು ಹಿಡಿದು ಇದನ್ನು ಅಳೆದರೆ ಎಲ್ಲವೂ ಕೊರತೆಯಾಗಿಯೇ ಕಾಣುತ್ತದೆ.

ಈಗ ಕತ್ತಿಯ ವಿಷಯ. ಮಂಗಾದಲ್ಲಿ ಕಥಾನಾಯಕ ಗಟ್ಸ್ ಹಿಡಿಯುವ ‘ಡ್ರಾಗನ್ ಸ್ಲೇಯರ್’ ಹೆಸರಿಗಷ್ಟೇ ಕತ್ತಿ. ಕಮ್ಮಾರ ಗೋಡೊ ಬಡಿದು ಮಾಡಿದ, ಆಳೆತ್ತರವನ್ನೂ ಮೀರಿದ ಕಬ್ಬಿಣದ ದಪ್ಪ ಹಲಗೆ ಅದು. ಮನುಷ್ಯಮಾತ್ರದವರು ಎತ್ತಲಾಗದ ಭಾರ ಎಂಬುದರ ಸುತ್ತಲೇ ಆ ಪಾತ್ರ ಬೆಳೆದಿದೆ. ಬಹಳಷ್ಟು ಆಟಗಳಲ್ಲಿ ಆಯುಧ ಗೋಡೆಯೊಳಗೆ ನೀರಿನಲ್ಲಿ ಹಾದಂತೆ ಹಾದುಹೋಗುತ್ತದೆ, ಆಡುವವರೂ ಅದನ್ನು ಗಮನಿಸುವುದಿಲ್ಲ. ಇಲ್ಲಿ ಹಾಗಲ್ಲ. ಓಣಿಯಲ್ಲಿ ನಿಂತು ಬೀಸಿದರೆ ತುದಿ ಕಲ್ಲಿಗೆ ತಾಗಿ ಠಣ್ ಎನ್ನುತ್ತದೆ, ಬೀಸು ಅರ್ಧಕ್ಕೇ ನಿಲ್ಲುತ್ತದೆ, ಆ ಏಟಿಗೆ ಗಟ್ಸ್‌ನ ತೋಳೇ ಹಿಂದಕ್ಕೆ ಜಗ್ಗುತ್ತದೆ. ಆ ಒಂದು ಕ್ಷಣ ಅವನ ಎದೆ ಬಯಲು. ಎದುರಿನವನು ಹೊಡೆಯುವುದೂ ಆಗಲೇ. ಭಾರ ಎಷ್ಟೆಂದು ಬಾಯಲ್ಲಿ ಹೇಳದೆ, ಬೆರಳಿಗೆ ತಿಳಿಯುವಂತೆ ಮಾಡಿದ್ದಾರೆ. ಮಂಗಾ ಓದಿದವರಿಗೆ ಇದಕ್ಕಿಂತ ನಿಷ್ಠೆಯ ರೂಪಾಂತರ ಬೇಕಿಲ್ಲ.

ಇದಕ್ಕೆ ಆಟದೊಳಗೇ ಉತ್ತರವಿದೆ, ಲೇಖನ ಅದರ ಮಾತನ್ನೇ ಎತ್ತಿಲ್ಲ. ಕತ್ತಿಯನ್ನು ಬೆನ್ನಿಗೆ ಸೇರಿಸಿ ಬರಿಗೈಯಲ್ಲಿ ಹೊಡೆದಾಡಬಹುದು. ಮುಷ್ಟಿಯ ಏಟಿನ ಪೆಟ್ಟು ಕಡಿಮೆ, ಆದರೆ ಗೋಡೆಯ ಕಾಟವಿಲ್ಲ, ಒಂದರ ಹಿಂದೆ ಒಂದು ಬೇಗ ಬೀಳುತ್ತದೆ. ಇನ್ನೂ ಒಳ್ಳೆಯ ಉಪಾಯವೆಂದರೆ ಓಣಿಯೊಳಗೆ ನುಗ್ಗದಿರುವುದು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಎದುರಾಳಿಗಳೇ ಬಯಲಿಗೆ ಬರುತ್ತಾರೆ, ಅಲ್ಲಿ ಒಂದು ಅಡ್ಡಬೀಸಿಗೆ ಮೂರು ನಾಲ್ಕು ಜನ ಉರುಳುತ್ತಾರೆ. ಹಿಂದೆ ಸರಿಯಲೂ ಜಾಗವಿಲ್ಲದಿದ್ದರೆ ಎಸೆಯುವ ಚಾಕು, ಸರಣಿಬಾಣದ ಬಿಲ್ಲು, ಬಾಂಬು ಇವೆ. ಎಡಗೈಯ ಕಬ್ಬಿಣದ ತೋಳಿನಲ್ಲಿ ಅಡಗಿರುವ ಫಿರಂಗಿಯೂ ಇದೆ. ಬಯಲು ಸಿಕ್ಕಾಗ ಕತ್ತಿ, ಇಕ್ಕಟ್ಟಿನಲ್ಲಿ ಉಳಿದದ್ದು ಎಂಬ ಲೆಕ್ಕ ಒಮ್ಮೆ ಹಿಡಿತಕ್ಕೆ ಬಂದರೆ ಪ್ರತಿ ಕೋಣೆಗೆ ಕಾಲಿಡುವ ಮೊದಲೇ ಅದರ ಅಗಲ ನೋಡುವ ರೂಢಿಯಾಗುತ್ತದೆ. ಕತ್ತಿಯ ಬಟನ್ ಒಂದನ್ನೇ ಒತ್ತುತ್ತ ಹೋದವರಿಗೆ ಮಾತ್ರ ಆಟ ಕೆಟ್ಟಿದೆ ಎನ್ನಿಸುತ್ತದೆ.

ಕೋಪದ ಮಾಪಕದ ಬಗ್ಗೆಯೂ ಒಂದು ಮಾತು. ಏಟು ಕೊಟ್ಟಾಗಲೂ ತಿಂದಾಗಲೂ ಅದು ತುಂಬುತ್ತದೆ, ಪೂರ್ತಿ ತುಂಬಿದರೆ ಗಟ್ಸ್ ರೊಚ್ಚಿಗೇಳುತ್ತಾನೆ, ಏಟಿನ ಬಲ ಏರುತ್ತದೆ. ಅದು ಓಣಿಯಲ್ಲಿ ತುಂಬಿದರೆ ವ್ಯರ್ಥ. ಇನ್ನೇನು ತುಂಬುತ್ತದೆ ಎನ್ನುವಾಗ ಅಗಲವಾದ ಜಾಗಕ್ಕೆ ಬಂದಿರಬೇಕು.

ಎರಡನೆಯ ದೂರಿಗೆ ಬರೋಣ. ಕಥಾದೃಶ್ಯಗಳು ಉದ್ದ ಎಂಬುದು ನಿಜ, ಕೆಲವೇ ತಾಸುಗಳಲ್ಲಿ ಮುಗಿಯುವ ಆಟದಲ್ಲಿ ಅವು ದೊಡ್ಡ ಪಾಲನ್ನೇ ತಿನ್ನುತ್ತವೆ. ಆದರೆ ಕಂಟ್ರೋಲರ್ ಕೆಳಗಿಟ್ಟು ನೋಡುವ ಸಿನಿಮಾ ಅಲ್ಲ ಇದು. ದೃಶ್ಯದ ನಡುವೆ ತಟ್ಟನೆ ಬಟನ್‌ನ ಗುರುತು ಮೂಡುತ್ತದೆ, ತಕ್ಷಣ ಒತ್ತಬೇಕು. ಈ ಬಗೆಯನ್ನು ಜನಪ್ರಿಯ ಮಾಡಿದ ‘ಶೆನ್‌ಮೂ’ ಜಪಾನಿನಲ್ಲಿ ಬಿಡುಗಡೆಯಾದದ್ದು ಇದಕ್ಕಿಂತ 13 ದಿನ ತಡವಾಗಿ, 1999ರ ಡಿಸೆಂಬರ್ 29ರಂದು. ಕಥೆಯೂ ಸುಮ್ಮನೆ ತುರುಕಿದ್ದಲ್ಲ. ಮ್ಯಾಂಡ್ರಗೋರಾ ಎಂಬ ಗಿಡ ಊರವರನ್ನೇ ತನ್ನ ಹಿಡಿತಕ್ಕೆ ತೆಗೆದುಕೊಂಡಿದೆ. ಅದೇ ಗಿಡದಿಂದ ಗಟ್ಸ್‌ನ ಪ್ರೇಯಸಿ ಕಾಸ್ಕಾಳ ಕದಡಿದ ಮನಸ್ಸು ವಾಸಿಯಾದೀತು ಎಂಬ ಆಸೆಯನ್ನು ಬಾಲ್ಜಾಕ್ ಎಂಬ ದೊರೆ ಗಟ್ಸ್‌ನಲ್ಲಿ ಹುಟ್ಟಿಸುತ್ತಾನೆ. ಆ ಆಸೆಯ ತೂಕ ತಿಳಿಯದೆ ದೃಶ್ಯಗಳನ್ನು ಹಾರಿಸಿಕೊಂಡು ಹೋದರೆ ಉಳಿಯುವುದು ಬರೀ ಕೊಚ್ಚಾಟ.

ಗುರುತು ಕಂಡ ಕೂಡಲೇ ಒತ್ತಿದರೂ ಆಟ ಒಪ್ಪುವುದಿಲ್ಲ ಎಂದು ಲೇಖನದಲ್ಲಿ ಬರೆದಿದೆ. ಇದಕ್ಕೆ ಮೊದಲು ಟಿವಿಯನ್ನು ನೋಡಬೇಕು. ಹಳೆಯ ಕನ್ಸೋಲ್‌ನ ಹಳದಿ ಪ್ಲಗ್ಗಿನ ಕೇಬಲ್ಲನ್ನು ಇಂದಿನ ಚಪ್ಪಟೆ ಟಿವಿಗೆ ಚುಚ್ಚಿದಾಗ, ಟಿವಿ ಆ ಚಿತ್ರವನ್ನು ತನ್ನ ಅಳತೆಗೆ ಹಿಗ್ಗಿಸಿ, ತಿದ್ದಿ, ಆಮೇಲೆ ತೋರಿಸುತ್ತದೆ. ಈ ಕೆಲಸಕ್ಕೆ 100 ಮಿಲಿಸೆಕೆಂಡ್ ಹಿಡಿದರೆ, ಸೆಕೆಂಡಿಗೆ 60 ಫ್ರೇಮ್‌ನ ಲೆಕ್ಕದಲ್ಲಿ 6 ಫ್ರೇಮ್ ಕೈತಪ್ಪಿದವು. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಚಿತ್ರ ನಯಗೊಳಿಸುವ ಆಯ್ಕೆಗಳನ್ನೆಲ್ಲ ಆರಿಸಿ ಮತ್ತೆ ನೋಡಲಿ. ಹಳೆಯ ಡಬ್ಬಿ ಟಿವಿ ಸಿಕ್ಕರೆ ಈ ತಡದ ಮಾತೇ ಇಲ್ಲ.

ಮೂರನೆಯದಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆಟದ ಮಧ್ಯೆ ತಾನಾಗಿಯೇ ಮೆನುಗೆ ಮರಳುವುದು ಡ್ರೀಮ್‌ಕಾಸ್ಟ್‌ಗೆ ವಯಸ್ಸಾದಾಗ ಬರುವ ಕಾಯಿಲೆ, ಯಾವ ಡಿಸ್ಕ್ ಹಾಕಿದರೂ ಬರುತ್ತದೆ. ಪವರ್ ಸಪ್ಲೈ ಬೋರ್ಡು ಮುಖ್ಯ ಬೋರ್ಡಿನ ಪಿನ್ನುಗಳ ಮೇಲೆ ಕೂತಿರುತ್ತದೆ. ಇಪ್ಪತ್ತೈದು ವರ್ಷದಲ್ಲಿ ಆ ಪಿನ್ನುಗಳು ಮಂಕು ಹಿಡಿದು ಸಂಪರ್ಕ ಸಡಿಲವಾಗುತ್ತದೆ, ಹೊರೆ ಏರಿದಾಗ ವೋಲ್ಟೇಜ್ ಕುಸಿಯುತ್ತದೆ, ಪ್ರೊಸೆಸರ್ ರೀಸೆಟ್ ಆಗುತ್ತದೆ. ಉದ್ದದ ದೃಶ್ಯದ ಕೊನೆಯಲ್ಲಿ ಹೀಗಾದರೆ ಸಿಟ್ಟು ಬರುವುದು ಸಹಜ, ಆ ಸಿಟ್ಟು ಆಟದ ಮೇಲೆ ತಿರುಗಬಾರದು ಅಷ್ಟೆ.

ಸರಿಪಡಿಸುವುದು ಕಷ್ಟವಲ್ಲ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಅದಕ್ಕೆ ಕೈ ತಾಗಿಸಬಾರದು. ಪಕ್ಕದ ಮೋಡೆಮ್ ಎಳೆದು ತೆಗೆಯಿರಿ. ನಾಲ್ಕು ಸ್ಕ್ರೂಗಳಲ್ಲಿ ಒಂದು ಅದರ ಹಿಂದೆ ಅಡಗಿದೆ, ಅದನ್ನು ಬಿಚ್ಚದೆ ಮುಚ್ಚಳ ಮೀಟಿದರೆ ಪ್ಲಾಸ್ಟಿಕ್ ಸೀಳುತ್ತದೆ. ಪವರ್ ಬೋರ್ಡಿನ ಸ್ಕ್ರೂ ಬಿಚ್ಚಿ ನೇರವಾಗಿ ಮೇಲಕ್ಕೆತ್ತಿ. ಕೆಳಗೆ ಕಾಣುವ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ, ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ ಉಜ್ಜಿ. ಪೂರ್ತಿ ಆರಿದ ಮೇಲೆ ಬೋರ್ಡನ್ನು ಒತ್ತಿ ಕೂರಿಸಿ. ಹೀಗೆ ಮಾಡಿದ ಮೇಲೂ ನಿಂತರೆ, ಮತ್ತು ನಿಲ್ಲುವ ಮುನ್ನ ಡ್ರೈವ್ ಗರಗರ ಎಂದರೆ, ಆಗ ಡಿಸ್ಕ್ ಓದುವ ಕಡೆ ನೋಡಬೇಕು. ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ಒರೆಸಬೇಡಿ; ಸುತ್ತಿನ ಗೀರು ಒಂದೇ ಕಡೆಯ ದತ್ತಾಂಶವನ್ನು ಉದ್ದಕ್ಕೂ ಕೆಡಿಸುತ್ತದೆ. ಲೇಸರಿನ ಪುಟ್ಟ ತಿರುಪನ್ನು ತಿರುಗಿಸುವುದು ಕೊನೆಯ ದಾರಿ. ಬೆಳಕು ಹೆಚ್ಚಿಸಿದಷ್ಟೂ ಅದರ ಆಯುಸ್ಸು ಕಡಿಮೆ.

ಹಚ್ಚಿದಾಗ ಪ್ರತಿಸಲ ಕನ್ಸೋಲ್ ದಿನಾಂಕ ಕೇಳುತ್ತದೆ ಎಂಬ ಅಳಲೂ ಲೇಖನದಲ್ಲಿದೆ. ಒಳಗಿನ ಗಡಿಯಾರದ ಬ್ಯಾಟರಿ ಸತ್ತಿದೆ. ಅದು ಮರುಚಾರ್ಜ್ ಆಗುವ ಬಗೆಯದು, ಬದಲಿಗೆ ಎಂಎಲ್2032 ಬೇಕು. ನೋಡಲು ಒಂದೇ ಥರ ಇದೆಯೆಂದು ಮಾಮೂಲಿ ಸಿಆರ್2032 ಹಾಕಿದರೆ ಕನ್ಸೋಲ್ ಅದನ್ನೂ ಚಾರ್ಜ್ ಮಾಡಲು ಹೋಗುತ್ತದೆ, ಬ್ಯಾಟರಿ ಸೋರಬಹುದು, ಸಿಡಿಯಲೂಬಹುದು. ಸಿಆರ್2032 ಬೇಕಾಗುವುದು ಕಂಟ್ರೋಲರ್‌ಗೆ ಸಿಕ್ಕಿಸುವ ವಿಎಂಯು ಮೆಮೊರಿಗೆ, ಅದೂ ಎರಡು. ಅವು ಮುಗಿದರೆ ಕನ್ಸೋಲ್ ಹಚ್ಚಿದಾಗ ಪೀಂ ಎನ್ನುತ್ತದೆ, ಆದರೆ ಉಳಿಸಿಟ್ಟ ಆಟ ಅಳಿಯುವುದಿಲ್ಲ.

ಲೇಖಕರು ನಿಜಕ್ಕೂ ದೂರಬೇಕಿದ್ದ ದೋಷ ಒಂದಿದೆ, ಅದು ಕ್ಯಾಮೆರಾ. ಮೂಲೆಗೆ ಹೋದರೆ ಗಟ್ಸ್‌ನ ಬೆನ್ನೇ ಪರದೆ ತುಂಬುತ್ತದೆ, ಹೊಡೆಯುವವನು ಚಿತ್ರದ ಆಚೆ ಇರುತ್ತಾನೆ. ಇದನ್ನು ಯಾವ ವಾದದಿಂದಲೂ ಸಮರ್ಥಿಸಲಾಗದು. ಗೋಡೆಗೆ ಬೆನ್ನು ಕೊಡದೆ ಆಡುವುದೊಂದೇ ಪರಿಹಾರ.

ಕೊನೆಗೆ ಒಂದು ತಿದ್ದುಪಡಿ. ಈ ಆಟವೇ 2004ರಲ್ಲಿ ಪ್ಲೇಸ್ಟೇಷನ್ 2ಕ್ಕೂ ಬಂದಿತ್ತು ಎಂದು ಅಚ್ಚಾಗಿದೆ. ಅದು ಬೇರೆ ಆಟ. ಎರಡನ್ನೂ ಯೂಕ್ಸ್ ತಯಾರಿಸಿದ್ದರಿಂದ, ಎರಡರ ಜಪಾನಿ ಹೆಸರೂ ‘ಬೆರ್ಸರ್ಕ್: ಸೆನ್ನೆನ್ ತೇಕೊಕು ನೊ ತಕಾ ಹೆನ್’ ಎಂದೇ ಶುರುವಾಗುವುದರಿಂದ ಈ ಗೊಂದಲ ಆಗುತ್ತದೆ. ಡ್ರೀಮ್‌ಕಾಸ್ಟ್‌ನದು ‘ವಸುರೆಬನಾ ನೊ ಶೋ’ ಎಂದು ಮುಗಿಯುತ್ತದೆ, ಪ್ಲೇಸ್ಟೇಷನ್ 2ರದು ‘ಸೇಮಾ ಸೆಂಕಿ ನೊ ಶೋ’ ಎಂದು. ಎರಡನೆಯದಕ್ಕೆ ಇಂಗ್ಲಿಷ್ ಆವೃತ್ತಿ ಬರಲೇ ಇಲ್ಲ. ನಿಮ್ಮ ಲೇಖನ ಓದಿ ಡಿಸ್ಕ್ ಹುಡುಕುವವರು ಹೆಸರಿನ ಕೊನೆಯ ಭಾಗವನ್ನೂ, ಡಿಸ್ಕ್ ಯಾವ ಪ್ರದೇಶದ ಕನ್ಸೋಲ್‌ಗೆ ಎಂಬುದನ್ನೂ ನೋಡಿಯೇ ಕೊಳ್ಳುವಂತೆ ಈ ತಿದ್ದುಪಡಿಯನ್ನು ದಯವಿಟ್ಟು ಪ್ರಕಟಿಸಿ.

ಇತಿ,
ಹಳೆಯ ಕನ್ಸೋಲ್ ಆಟಗಳ ಓದುಗರೊಬ್ಬರು