ನಾಲ್ಕು ಗಂಟೆಯ ಅಲಾರಂ

ಪ್ರೀತಿಯ ತಂಗಿ,

ನಿನ್ನ ಕಾಗದ ಬಂತು. ಮೂರು ತಿಂಗಳಲ್ಲಿ ಒಂಬತ್ತು ಲೇಖಕರ ಆತ್ಮಕಥೆ ಓದಿದ್ದೀಯ, ಒಂದು ಕಥೆಯನ್ನೂ ಬರೆದು ಮುಗಿಸಿಲ್ಲ. ಓದಿ ನಗು ಬಂತು. ನಿನ್ನ ಮೇಲಲ್ಲ, ನನ್ನ ಇಪ್ಪತ್ತನಾಲ್ಕನೇ ವಯಸ್ಸು ನೆನಪಾಗಿ.

ಯಾರೋ ದೊಡ್ಡ ಲೇಖಕರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬರೆಯುತ್ತಾರೆ ಅಂತ ಓದಿದ್ದೆ. ನಾನೂ ಅಲಾರಂ ಇಟ್ಟೆ. ಅಡುಗೆಮನೆಯಲ್ಲಿ ದೀಪ ಹಾಕಿ, ಹಿಟ್ಟಿನ ಡಬ್ಬದ ಪಕ್ಕ ಹಾಳೆ ಹರಡಿಕೊಂಡು ಕೂತೆ. ಮೂರನೇ ದಿನ ಅಮ್ಮ ಎದ್ದು ಬಂದು, "ಯಾವ ಪರೀಕ್ಷೆ ಕಟ್ಟಿದ್ದೀಯೋ?" ಅಂದಳು. ಹಾಳೆಯ ಮೇಲೆ ನನ್ನ ಹೆಸರು, ಅದರ ಕೆಳಗೊಂದು ಗೆರೆ. ಅಷ್ಟೇ ಇದ್ದದ್ದು. ನನಗೆ ಬರೆಯಲು ಆಗೋದು ಮಧ್ಯಾಹ್ನ ಊಟವಾದ ಮೇಲೆ, ಸುತ್ತ ಗದ್ದಲ ಇದ್ದಾಗ ಅಂತ ಗೊತ್ತಾಗಲು ಆಮೇಲೆ ಆರು ವರ್ಷ ಹಿಡಿಯಿತು.

ಅದಕ್ಕೇ ಹೇಳೋದು, ಅವರ ದಿನಚರಿ ಕದಿಯಲು ಹೋಗಬೇಡ. ಅವರು ಎಡವಿದ ಜಾಗ ಹುಡುಕು. ಕುವೆಂಪು ಅವರ ಆತ್ಮಕಥೆ 'ನೆನಪಿನ ದೋಣಿಯಲ್ಲಿ' ಇನ್ನೊಂದು ಸಲ ತೆಗೆ. ಕುವೆಂಪು ಮೊದಲು ಬರೆಯುತ್ತಿದ್ದದ್ದು ಇಂಗ್ಲಿಷ್ ಕವಿತೆ, 1922ರಲ್ಲೇ ಪುಸ್ತಕವೂ ಬಂದಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಕವಿತೆ ತೋರಿಸಿದರು. ಅವರೋ ಹೊಗಳುವ ಬದಲು, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಅಂತ ಕೇಳಿದರು. ಶಹಬ್ಬಾಸ್ ಕೇಳಲು ಹೋದ ಹುಡುಗನಿಗೆ ಹೇಗಾಗಿರಬೇಡ! ಕಾರ್ನಾಡರಿಗೂ ಇಂಗ್ಲಿಷ್ ಕವಿಯಾಗುವ ಆಸೆಯೇ ಇತ್ತು. 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿಗೆ ಕೈಯಿಂದ ಬಂದದ್ದು ಕನ್ನಡದ ನಾಟಕ, 'ಯಯಾತಿ'. ಅವರಿಗೇ ಆಶ್ಚರ್ಯ.

ಇನ್ನೊಂದು ಮಾತು. ಆತ್ಮಕಥೆಯೂ ಕೂತು ಬರೆದದ್ದೇ ಅಲ್ವಾ? ವಯಸ್ಸಾದವರು ತಮ್ಮ ಇಪ್ಪತ್ತರ ಹುಡುಗನ ಬಾಯಿಗೆ ಮಾತು ಹಾಕುತ್ತಾರೆ. ಸುಳ್ಳು ಅಂತಲ್ಲ, ನೆನಪು ಇರೋದೇ ಹಾಗೆ. ಕುವೆಂಪು ತಮ್ಮ ಹಳೆಯ ದಿನಚರಿಯ ಪುಟಗಳನ್ನು ಅಲ್ಲಲ್ಲಿ ಕೊಟ್ಟಿದ್ದಾರೆ. ಅಂದು ಗೀಚಿದ್ದಕ್ಕೂ ಆಮೇಲೆ ನೆನೆದದ್ದಕ್ಕೂ ದನಿ ಹೇಗೆ ಬೇರೆ, ಕಿವಿಗೊಟ್ಟು ಕೇಳು. ಅದರ ಬೆನ್ನಿಗೇ ತೇಜಸ್ವಿಯವರ 'ಅಣ್ಣನ ನೆನಪು' ಓದು. (ಆ ಮನೆಯಲ್ಲಿ ಅಪ್ಪನನ್ನು ಅಣ್ಣ ಅಂತಿದ್ದರು.) ಅದೇ ಮನುಷ್ಯ, ನೋಡುತ್ತಿರುವವನು ಮಗ. ನನಗಂತೂ ಕಥೆಯಲ್ಲಿ ಯಾರ ಕಣ್ಣಿಂದ ನೋಡಬೇಕು ಅನ್ನೋದು ತಿಳಿದದ್ದು ಈ ಎರಡನ್ನೂ ಒಟ್ಟಿಗೆ ಓದಿದಾಗಲೇ. ಪಾಠದ ಪುಸ್ತಕದಿಂದಲ್ಲ.

ನಿನ್ನ ರೇಷನ್ ಅಂಗಡಿ ಕಥೆ ಎರಡನೇ ಪುಟದಲ್ಲೇ ನಿಂತಿದೆಯಲ್ಲ, ಅಜ್ಜಿ ಹೆಬ್ಬೆಟ್ಟು ಒತ್ತುತ್ತಾಳೆ, ಮಷೀನು ತಗೊಳ್ಳೋದಿಲ್ಲ, ಹಿಂದೆ ನಿಂತವರು ಗೊಣಗುತ್ತಾರೆ. ಆಕೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ ಅಂತ ನೀನು ಬರೆದಿದ್ದೆ. ಆ ಸೆರಗು ನನಗೆ ಇನ್ನೂ ಕಾಣಿಸುತ್ತಿದೆ. ಅಕ್ಕಿ ಸಿಕ್ಕಿತೋ ಇಲ್ಲವೋ, ಅದನ್ನು ಬರೆದು ಕಳಿಸು.

ಹತ್ತನೇ ಆತ್ಮಕಥೆ ನನ್ನ ಕಪಾಟಿನಲ್ಲಿದೆ. ಕಥೆ ಬಂದ ಮೇಲೆ ಕೊಡುತ್ತೇನೆ.

ಇಂತಿ,
ಅಣ್ಣ